ಚಕ್ಕಡಿ ಟಾಕೀಜು: ನೊಗಶಾಸ್ತ್ರದ ಬೆಳಕಿನಲ್ಲಿ ಒಂದು ಮರುವಿಚಾರ

ಬಂದ ಗಾಡಿಯಲ್ಲೇ ಕೂತು ಬಯಲಲ್ಲಿ ಸಿನಿಮಾ ನೋಡುವ ವಿದ್ಯೆ ಅಮೆರಿಕದ್ದೆಂಬ ಮೂಢನಂಬಿಕೆ ಲೋಕದಲ್ಲಿ ಬೇರೂರಿದೆ. 1933ರ ಜೂನ್ 6ರಂದು ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ಮೊದಲ ಡ್ರೈವ್-ಇನ್ ತೆರೆದ, ಹಿಂದಿನ ತಿಂಗಳೇ ಅದಕ್ಕೆ ಪೇಟೆಂಟನ್ನೂ ಪಡೆದ ಎಂಬುದು ಪೂರ್ವಪಕ್ಷ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಮಣ್ಣಿನ ಮೇಲೆ ನಿಂತು ಅದನ್ನು ಖಂಡಿಸುತ್ತೇನೆ. ಮಳೆಗಾಲದಲ್ಲಿ ನಿಲ್ಲಲಾಗದು, ಕಾಲು ಹೂಳುತ್ತದೆ. ಆದ್ದರಿಂದ ಸುಗ್ಗಿ ಮುಗಿದ ಮೇಲೆ ಖಂಡಿಸುತ್ತೇನೆ.

ಹಾಲಿಂಗ್ಸ್‌ಹೆಡ್‌ನ ಪೇಟೆಂಟಿನ ಜೀವಾಳ ಇಳಿಜಾರು. ಕಾರಿನ ಮುಂಗಾಲಿಗಳು ಏರಿ ನಿಲ್ಲುವಂತೆ ನೆಲವನ್ನು ದಿಬ್ಬ ಮಾಡಿದರೆ ಹಿಂದಿನ ಸಾಲಿನವರಿಗೂ ಪರದೆ ಕಾಣುತ್ತದೆ. ಸರಿ. ಆದರೆ ಚಕ್ಕಡಿಯ ಎತ್ತಿನ ಕೊಳ್ಳ ಹರಿದು ನೊಗ ನೆಲಕ್ಕಿಟ್ಟಾಗ ಏನಾಗುತ್ತದೆ? ಮುಂಭಾಗ ಬಾಗುತ್ತದೆ, ಹಿಂಭಾಗ ಏರುತ್ತದೆ. ಮುಂದೆ ಹುಡುಗರು, ನಡುವೆ ಹೆಣ್ಣುಮಕ್ಕಳು, ಎಲ್ಲರಿಗಿಂತ ಮೇಲೆ ಕೌದಿ ಹೊದ್ದ ಅಜ್ಜ. ಅಂದರೆ ಬಾಲ್ಕನಿ! ದಿಬ್ಬ ಅಗೆಯುವ ಖರ್ಚಿಲ್ಲ. ಕಾರಿನ ಹಿಂದಿನ ಸೀಟಿನ ಮಕ್ಕಳಿಗೆ ಅಪ್ಪನ ಬೋಳುತಲೆಯಷ್ಟೇ ಕಂಡಿದ್ದರೆ ಅದು ನೊಗವಿಲ್ಲದ ನಾಗರಿಕತೆಯ ದೋಷ. ಅಹಮದಾಬಾದಿಗೆ 1973ರಲ್ಲಿ ಡ್ರೈವ್-ಇನ್ ಬಂತಾದರೂ ದಾರಿಯಲ್ಲಿ ಎತ್ತುಗಳು ತಪ್ಪಿಸಿಕೊಂಡಿದ್ದವು.

ಜಾತ್ರೆಯ ಟೂರಿಂಗ್ ಟಾಕೀಜನ್ನು ಇಲ್ಲಿ ಕೈಬಿಟ್ಟಿದ್ದೇನೆ, ತಂಬುವಿನೊಳಗೆ ಚಕ್ಕಡಿ ಬಿಡುತ್ತಿರಲಿಲ್ಲ. ನಮ್ಮ ಮುಖ್ಯ ಆಕರ ಸರಕಾರದ ಪ್ರಚಾರ ಜೀಪು. ಜೀಪು ಬರುತ್ತಿತ್ತು, ಬಯಲಲ್ಲಿ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿತ್ತು. ಈ ಬಟ್ಟೆಯಿಂದಲೇ ಎರಡು ಪಂಥಗಳು ಹುಟ್ಟಿದವು. ಮುಂದೆ ಕೂತವರದು ದಕ್ಷಿಣಪಂಥ: ಅವರ ಹೀರೋ ಬಲಗೈಯಲ್ಲಿ ಕತ್ತಿ ಹಿಡಿಯುತ್ತಿದ್ದ. ಜಾಗ ಸಿಗದೆ ಪರದೆಯ ಹಿಂದೆ ಚಕ್ಕಡಿ ಬಿಟ್ಟವರದು ವಾಮಪಂಥ: ಅವರ ಪಾಲಿಗೆ ಶ್ರೀರಾಮನೂ ಎಡಚ, ಅಕ್ಷರಗಳೆಲ್ಲ ತಿರುಗುಮುರುಗು. ಓದು ಬಾರದವರಿಗೆ ಇದರಿಂದ ಬಾಧೆಯಾಗಲಿಲ್ಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಮಾತ್ರ ಎರಡೂ ಕಡೆಯಿಂದ ಒಂದೇ ರೀತಿ ಕಾಣುತ್ತಿತ್ತು. ಪಂಥಗಳು ಒಪ್ಪಿದ್ದು ಅದೊಂದನ್ನೇ. ಒಪ್ಪಿದ್ದು ಆಕಾರವನ್ನು. ‘ನಾವಿಬ್ಬರು ನಮಗಿಬ್ಬರು’ ಎಂಬ ಸಂದೇಶವನ್ನು ಎಂಟು ಮಕ್ಕಳಿದ್ದ ಚಕ್ಕಡಿಯೊಳಗೆ ಎರಡು ಎತ್ತಿಗೆ ಸಂಬಂಧಿಸಿದ್ದೆಂದೇ ಅರ್ಥೈಸಲಾಯಿತು.

ಇನ್ನು ಹೆಚ್ಚುವರಿ ಆಕರ್ಷಣೆಗಳು. ಅಮೆರಿಕದವರು ಪರದೆಯ ಬುಡದಲ್ಲಿ ಮಕ್ಕಳಿಗೆ ಜೋಕಾಲಿ ಕಟ್ಟಿದರು, ಪುಟ್ಟ ರೈಲು ಓಡಿಸಿದರು, ಕೂಸಿನ ಹಾಲಿನ ಬಾಟಲಿ ಬಿಸಿ ಮಾಡಿಕೊಟ್ಟರು. 1950ರ ದಶಕದ ಕೊನೆಗೆ ಅಲ್ಲಿ ಸುಮಾರು 4,000 ಡ್ರೈವ್-ಇನ್‌ಗಳಿದ್ದವು. ಬಾಗೇವಾಡಿಯ ಮೂಲ ನಂದೀಶ್ವರನ ಶ್ರಾವಣದ ಜಾತ್ರೆಯನ್ನೋ ಗೊಲ್ಲಾಳೇಶ್ವರನ ಗೋಲಗೇರಿ ಜಾತ್ರೆಯನ್ನೋ ಕಂಡವರು ಇದನ್ನು ಕೇಳಿ ನಗದೆ ಏನು ಮಾಡಿಯಾರು? ಇಲ್ಲಿ ತೊಟ್ಟಿಲು, ಬಳೆಗಾರ, ಬೆಂಡು ಬತ್ತಾಸು, ನಾಟಕ ಕಂಪನಿ, ಮಿರ್ಚಿ ಭಜಿ ಮುಖ್ಯ ಆಕರ್ಷಣೆಗಳು. ಸಿನಿಮಾವೇ ಹೆಚ್ಚುವರಿ.

ಧ್ವನಿವ್ಯವಸ್ಥೆಯಲ್ಲಿ ನಾವು ಸ್ವಲ್ಪ ಹಿಂದೆ ಬಿದ್ದೆವೆಂದು ಒಪ್ಪುತ್ತೇನೆ. ಅವರದು ಕಾರಿಗೊಂದು ಸ್ಪೀಕರು, ನಮ್ಮದು ಊರಿಗೊಂದು ಹಾರ್ನು. ಕೊರತೆಯನ್ನು ಎತ್ತಿನ ಕೊರಳ ಗೆಜ್ಜೆ ತುಂಬಿಕೊಟ್ಟವು. ನಾಯಕಿ ಅಳುವಾಗ ಮೆಲುಕು ಹಾಕುವ ಸದ್ದು, ಯುದ್ಧದಲ್ಲಿ ಗೆಜ್ಜೆಯ ಸದ್ದು, ನಡುನಡುವೆ “ಏ ತಮ್ಮಾ, ತಲಿ ತಗಿ!” ಎಂಬ ಆಕಾಶವಾಣಿ.

ಕೊನೆಗೆ ಪೇಟೆಂಟ್. 1949ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ ಈ ಇಳಿಜಾರಿನಲ್ಲಿ ಹೊಸ ಶೋಧನೆಯೇನೂ ಇಲ್ಲವೆಂದು ತೀರ್ಪಿತ್ತಿತು. ಚಕ್ಕಡಿಯ ಸಾಕ್ಷಿಯನ್ನು ಕೇಳದೆಯೇ ಸರಿಯಾದ ತೀರ್ಪು ಬಂದದ್ದು ಬೆರಗಿನ ಸಂಗತಿ. ಈಗ ಉಳಿದಿರುವುದು ಕೋನದ ಅಳತೆ ಮಾತ್ರ. ಹಿತ್ತಲಲ್ಲಿ ಹಳೇ ಚಕ್ಕಡಿ ಇರುವವರು ಅದನ್ನು ಗುಜರಿಗೆ ಹಾಕುವ ಮುನ್ನ ನೊಗ ನೆಲಕ್ಕಿಟ್ಟು, ಹಿಂದೆ ಹತ್ತಿ ಕೂತು, ಎಷ್ಟು ಡಿಗ್ರಿ ಬಾಗುತ್ತದೆಂದು ಅಳೆದು ತಿಳಿಸಬೇಕಾಗಿ ವಿನಂತಿ. ಆದರೆ ಮುಂದೆ ಒಬ್ಬರನ್ನು ಕೂಡಿಸಿಕೊಳ್ಳಿ. ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ.