ಬೀಳಿಸಿ ನೋಡುವ ಶಾಸ್ತ್ರ

ಲೆಕ್ಕ ಬರೆಯುವವರಲ್ಲಿ ಕಿರ್ದಿ ಮೊದಲು, ಖಾತೆ ಆಮೇಲೆ ಎಂಬ ಕ್ರಮವಿದೆ. ಅಂದಂದಿನ ವ್ಯವಹಾರವನ್ನು ನಡೆದ ಹಾಗೆಯೇ ಕಿರ್ದಿಯಲ್ಲಿ ಗೀಚಿಕೊಂಡು, ಬಿಡುವಾದಾಗ ಆಯಾ ಗಿರಾಕಿಯ ಖಾತೆಗೆ ಏರಿಸುವ ಈ ಪದ್ಧತಿಯನ್ನೇ ಕಂಪ್ಯೂಟರಿನ ಡೇಟಾಬೇಸುಗಳು ‘ರೈಟ್ ಅಹೆಡ್ ಲಾಗ್’ ಎಂಬ ದೊಡ್ಡ ಹೆಸರಿನಲ್ಲಿ ಪಾಲಿಸುತ್ತವೆ. ಕರೆಂಟು ಹೋಗಿ ಯಂತ್ರ ನಡುವೆಯೇ ನೆಲಕಚ್ಚಿದರೆ, ಮತ್ತೆ ಎದ್ದಾಗ ಅದು ಲಾಗನ್ನು ಓದಿ, ಮುಗಿದ ವ್ಯವಹಾರಗಳನ್ನು ಖಾತೆಗೆ ಏರಿಸಿ, ಅರ್ಧಕ್ಕೆ ನಿಂತವನ್ನು ಹೊಡೆದುಹಾಕಬೇಕು. ಈ ಕರ್ಮಕ್ಕೆ ಕ್ರ್ಯಾಶ್ ರಿಕವರಿ, ಅಂದರೆ ಕುಸಿತದಿಂದ ಚೇತರಿಕೆ, ಎಂದು ಹೆಸರು.

ಈ ಚೇತರಿಕೆ ನಿಜವೇ ಎಂದು ಪರೀಕ್ಷಿಸುವವನ ವೃತ್ತಿ ವಿಚಿತ್ರವಾದದ್ದು: ಹತ್ತು ಜನ ಕಟ್ಟಿದ್ದನ್ನು ಕೆಡವುವುದಕ್ಕೇ ಸಂಬಳ ಪಡೆಯುವ ಈತ, ಕೆಡವಿದ ಮೇಲೂ ಏನೂ ಹಾಳಾಗದಿದ್ದರೆ ಒಳಗೊಳಗೇ ಸಪ್ಪಗಾಗುತ್ತಾನೆ. ಈತನ ಕೈಗೆ ಮೊದಲು ಸಿಗುವ ಆಯುಧ ಯುನಿಕ್ಸಿನ ‘ಕಿಲ್ ಮೈನಸ್ ನೈನ್’, ಅಂದರೆ ಪ್ರೋಗ್ರಾಮಿಗೆ ಕೊನೆಯ ಗುಟುಕು ನೀರಿಗೂ ಅವಕಾಶ ಕೊಡದೆ ಮುಗಿಸಿಬಿಡುವ ಆಜ್ಞೆ. ಆದರೆ ಇದು ಗುಮಾಸ್ತನನ್ನು ಹೊರದೂಡಿ ಅಂಗಡಿಯನ್ನು ತೆರೆದೇ ಇಟ್ಟ ಹಾಗೆ. ಪ್ರೋಗ್ರಾಂ ಸತ್ತರೂ ಅದು ಒಪ್ಪಿಸಿದ ಬರಹ ಆಪರೇಟಿಂಗ್ ಸಿಸ್ಟಮ್ಮಿನ ನೆನಪಿನಲ್ಲಿ ಉಳಿದು ನಿಧಾನವಾಗಿ ಡಿಸ್ಕನ್ನು ಸೇರಿಕೊಳ್ಳುವುದರಿಂದ, ಪರೀಕ್ಷೆ ಪಾಸಾಗುತ್ತದೆ, ಕರೆಂಟು ಹೋದ ದಿನದ ಗತಿ ಮಾತ್ರ ತಿಳಿಯುವುದಿಲ್ಲ.

ಆದುದರಿಂದಲೇ ಆಂಡ್ರಾಯ್ಡ್ ಫೋನುಗಳಲ್ಲಿ ಕುಳಿತಿರುವ ಎಸ್‌ಕ್ಯೂಎಲ್‌ಲೈಟ್ ಎಂಬ ಪುಟ್ಟ ಡೇಟಾಬೇಸಿನ ಪರೀಕ್ಷಕರು, ಪ್ಲಗ್ಗಿಗೆ ಕೈಹಾಕದೆ, ಡಿಸ್ಕಿನ ವೇಷ ತೊಟ್ಟ ಒಂದು ಪದರವನ್ನು ನಡುವೆ ಕೂರಿಸಿ, ಇನ್ನೂ ಗಟ್ಟಿಯಾಗದ ಬರಹಗಳ ಕ್ರಮವನ್ನು ಬೇಕೆಂದೇ ಹಿಂದುಮುಂದು ಮಾಡಿ, ಕೆಲವನ್ನು ಕೆಡಿಸಿ, ಆಮೇಲೆ ಡೇಟಾಬೇಸನ್ನು ಎಬ್ಬಿಸಿ ಕ್ಷೇಮಸಮಾಚಾರ ವಿಚಾರಿಸುತ್ತಾರೆ. ಲಾಗಿನ ಕೊನೆಯ ಸಾಲು ಅರ್ಧ ಮಾತ್ರ ಇಳಿದಿದ್ದರೆ ಅದನ್ನು ಹಿಡಿದುಕೊಡುವುದು ಚೆಕ್‌ಸಮ್, ಅಂದರೆ ಸಾಲಿನ ಅಕ್ಷರಗಳಿಂದಲೇ ಲೆಕ್ಕಹಾಕಿ ತೆಗೆದು ಜೊತೆಗೆ ಬರೆದಿಟ್ಟ ತಾಳೆಸಂಖ್ಯೆ.

ನೆನಪಿನಲ್ಲಿರುವುದನ್ನು ಡಿಸ್ಕಿಗೆ ಇಳಿಸಿಯೇ ತೀರಬೇಕೆಂಬ ಆದೇಶಕ್ಕೆ ‘ಎಫ್‌ಸಿಂಕ್’ ಎನ್ನುತ್ತಾರೆ. ಕೆಲವು ಡಿಸ್ಕುಗಳು ಬರಹವನ್ನು ಒಳಜೇಬಿನಲ್ಲೇ ಇಟ್ಟುಕೊಂಡು ‘ಆಯಿತು ಸ್ವಾಮಿ’ ಎಂದುಬಿಡುತ್ತವೆ. ಲಿನಕ್ಸಿನಲ್ಲಿ ಒಮ್ಮೆ ಸೋತ ಎಫ್‌ಸಿಂಕನ್ನು ಎರಡನೆಯ ಸಲ ಕೇಳಿದರೆ, ಬರಹ ಡಿಸ್ಕಿಗೆ ಮುಟ್ಟದೆಯೇ ‘ಆಯಿತು’ ಎಂಬ ಉತ್ತರ ಬರಬಹುದೆಂಬ ಸಂಗತಿ 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸನ್ನು ಕಟ್ಟುವವರನ್ನು ಬೆಚ್ಚಿಬೀಳಿಸಿತು. ಅವರು ಕಂಡುಕೊಂಡ ಪರಿಹಾರ ಅಷ್ಟೇ ಸೊಗಸಾದದ್ದು: ಇಂಥ ಸೋಲು ಕಂಡೊಡನೆ ಎರಡನೆಯ ಮಾತಿಲ್ಲದೆ ಡೇಟಾಬೇಸ್ ತಾನಾಗಿಯೇ ಬಿದ್ದು, ಲಾಗನ್ನು ಮತ್ತೆ ಓದಿಕೊಂಡು ಏಳತಕ್ಕದ್ದು. ಸುಳ್ಳಿನ ಮೇಲೆ ನಿಂತಿರುವುದಕ್ಕಿಂತ ನಿಜದ ಮೇಲೆ ಬೀಳುವುದು ಲೇಸೆಂಬ ಈ ನೀತಿ ಯಂತ್ರಗಳಿಗಾದರೂ ಹಿಡಿಸಿತು.

ಏಳುತ್ತಿರುವಾಗಲೇ ಮತ್ತೆ ಜಾರಿದರೆ ಏನು ಗತಿ ಎಂಬ ಪ್ರಶ್ನೆಯನ್ನೂ ಶಾಸ್ತ್ರಕಾರರು ಬಿಟ್ಟಿಲ್ಲ. ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ವಿಧಾನದಲ್ಲಿ, ಹೊಡೆದುಹಾಕಿದ್ದನ್ನೂ ಲಾಗಿನಲ್ಲಿ ಬರೆದಿಡುವುದರಿಂದ, ಎಷ್ಟು ಸಲ ಜಾರಿದರೂ ಮಾಡಿದ ಕೆಲಸವನ್ನು ಎರಡು ಸಲ ರದ್ದುಮಾಡಬೇಕಾಗಿಲ್ಲ. ಪರೀಕ್ಷಕನಿಗೆ ಇದು ಹೊಸ ಮೇವು. ಆತ ಚೇತರಿಕೆಯ ನಡುವೆಯೂ ಕಾಲುಕೊಟ್ಟು ಬೀಳಿಸುತ್ತಾನೆ.

ಆದುದರಿಂದ, ತಮ್ಮಲ್ಲಿಟ್ಟ ದಾಖಲೆ ಎಂದೂ ಕಳೆಯದೆಂದು ಎದೆತಟ್ಟಿ ಹೇಳುವವರನ್ನು ಓದುಗರು ಕೇಳಬೇಕಾದದ್ದು ಒಂದೇ ಪ್ರಶ್ನೆ: ಇದುವರೆಗೆ ಎಷ್ಟು ಸಲ ಬೀಳಿಸಿ ನೋಡಿದ್ದೀರಿ?