ಏಳೂವರೆಯ ರಾಹು

ಕರ್ನಾಟಕದ ಶಾಲೆಗಳು ಸಾಮಾನ್ಯವಾಗಿ ಮೇ ತಿಂಗಳ ಕೊನೆಯ ವಾರದಲ್ಲಿ ಬಾಗಿಲು ತೆರೆಯುತ್ತವೆ, ಮುಂಗಾರು ವಾಡಿಕೆಯಂತೆ ಜೂನ್ ಮೊದಲ ವಾರದಲ್ಲಿ ಕರಾವಳಿಯನ್ನು ಮುಟ್ಟುತ್ತದೆ. ಬೇಸಿಗೆ ರಜೆಯಲ್ಲಿ ಹತ್ತು ಗಂಟೆಗೆ ಏಳುವುದನ್ನು ರೂಢಿಸಿಕೊಂಡ ಮಕ್ಕಳನ್ನು ಮತ್ತೆ ಸೂರ್ಯನ ಲೆಕ್ಕಕ್ಕೆ ತರುವ ಕಾರ್ಯವನ್ನು ಗೃಹಸ್ಥರು ಈ ಎರಡರ ನಡುವಣ ಕಿರಿದಾದ ಅವಧಿಯಲ್ಲಿಯೇ ಕೈಗೆತ್ತಿಕೊಳ್ಳುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಈ ಸಂದರ್ಭವನ್ನು ಪ್ರಾರಂಭೋತ್ಸವವೆಂದು ಕರೆದು, ತಳಿರುತೋರಣ ಕಟ್ಟಿ, ಮಧ್ಯಾಹ್ನದ ಊಟಕ್ಕೆ ಸಿಹಿ ಬಡಿಸುವ ಪದ್ಧತಿಯಿದೆ. ಮಗುವನ್ನು ಅಲ್ಲಿಯವರೆಗೆ ತಲುಪಿಸಿದ ತಂದೆತಾಯಿಗಳಿಗೆ ಮಾತ್ರ ಯಾವ ಇಲಾಖೆಯೂ ಸಿಹಿ ಮಂಜೂರು ಮಾಡಿದಂತಿಲ್ಲ.

ಸುಧಾರಣೆಯ ಮೊದಲ ಹೆಜ್ಜೆ ವೇಳಾಪಟ್ಟಿ, ಅಂದರೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗುವ ಹಾಳೆ. ಅದರಲ್ಲಿ ಸ್ನಾನಕ್ಕೆ ಹತ್ತು ನಿಮಿಷ, ತಿಂಡಿಗೆ ಹದಿನೈದು ನಿಮಿಷ ಎಂಬ ಉದಾರ ಹಂಚಿಕೆಯಿರುತ್ತದೆಯಾದರೂ, ಒಂದೇ ಬಚ್ಚಲುಮನೆಯ ಮುಂದೆ ನಾಲ್ವರು ಟವಲು ಹೆಗಲಿಗೇರಿಸಿ ನಿಲ್ಲುವುದಕ್ಕಾಗಲಿ, ಮಳೆಗೆ ಒಣಗದ ಕಾಲುಚೀಲವನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಚ್ಚಗೆ ಮಾಡುವುದಕ್ಕಾಗಲಿ ಅವಕಾಶ ಕಲ್ಪಿಸಿದ ಉದಾಹರಣೆ ದೊರೆಯುವುದಿಲ್ಲ. ಜೂನ್ ಎರಡನೆಯ ವಾರದ ಹೊತ್ತಿಗೆ ಆ ಹಾಳೆಯ ಮೇಲೆ ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆಯಲ್ಪಟ್ಟಿರುತ್ತದೆ.

ವೇಳಾಪಟ್ಟಿ ಸೋಲುವುದಕ್ಕೆ ಮುಖ್ಯ ಕಾರಣ, ಮನೆಯಲ್ಲಿ ಚಲಾವಣೆಯಲ್ಲಿರುವ ಕಾಲ ಒಂದಲ್ಲ ಎಂಬುದೇ ಆಗಿದೆ. ನಡುಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡಲಾಗಿರುತ್ತದೆ, ಹಾಗೆ ಮುಂದಿಟ್ಟಿರುವುದು ಮನೆಯ ಸಮಸ್ತರಿಗೂ ಗೊತ್ತಿರುವುದರಿಂದ ಎಲ್ಲರೂ ಹತ್ತು ನಿಮಿಷ ಕಳೆದು, ಮೇಲೆ ಐದು ನಿಮಿಷ ವಿನಾಯಿತಿ ಸೇರಿಸಿಕೊಂಡು ಮತ್ತೆ ಹೊದ್ದು ಮಲಗುತ್ತಾರೆ. ತಾಯಿಯಾದವಳು ಆರು ಇಪ್ಪತ್ತಕ್ಕೆ “ಏಳೂವರೆ ಆಯ್ತು, ಏಳೋ” ಎಂದು ಘೋಷಿಸುವುದು ಇನ್ನೊಂದು ಕಾಲಮಾನ. ಹಣದುಬ್ಬರದಲ್ಲಿ ನೋಟಿಗೆ ಆಗುವ ಗತಿಯೇ ವರ್ಷ ಕಳೆದಂತೆ ಈ ಘೋಷಣೆಗೂ ಆಗುವುದರಿಂದ, ಹೈಸ್ಕೂಲು ಮುಟ್ಟುವ ವೇಳೆಗೆ ಮಗನನ್ನು ಎಬ್ಬಿಸಲು ಒಂಬತ್ತು ಗಂಟೆ ಹೊಡೆಸಬೇಕಾಗುತ್ತದೆ. ವ್ಯಾನಿನ ಹಾರನ್ನು ಮಾತ್ರ ಯಾರೊಡನೆಯೂ ಚೌಕಾಸಿ ಮಾಡುವುದಿಲ್ಲ.

ಚೀಲದ ವಿಷಯದಲ್ಲಿ ಸರ್ಕಾರವೇ ಮಧ್ಯೆ ಪ್ರವೇಶಿಸಿದೆ. 2019ರ ಸುತ್ತೋಲೆಯ ಪ್ರಕಾರ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳ ಚೀಲ 2 ಕಿಲೊ ಮೀರಕೂಡದು. ಒಂದು ಲೀಟರ್ ನೀರು ತಾನೇ ಒಂದು ಕಿಲೊ ತೂಗುವುದರಿಂದ, ಸ್ಟೀಲ್ ಬಾಟಲಿಯನ್ನೂ ಲೆಕ್ಕಕ್ಕೆ ಹಿಡಿದರೆ ಸರಸ್ವತಿಯ ಪಾಲಿಗೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ, ಅದರಲ್ಲಿಯೂ ಚಿತ್ರಾನ್ನದ ಡಬ್ಬಿಗೆ ಮೊದಲ ಹಕ್ಕು. ಮೂರನೆಯ ಶನಿವಾರ ಚೀಲವಿಲ್ಲದ ದಿನವೆಂದು ಅದೇ ಸುತ್ತೋಲೆ ಸೂಚಿಸಿತ್ತು. ಆದರೆ ಅಂದು ಮೂರನೆಯ ಶನಿವಾರವೆಂಬುದು ತಂದೆಗೆ ಹೊಳೆಯುವುದು, ಚೀಲವನ್ನು ಹೊತ್ತು ಶಾಲೆಯ ಗೇಟು ಮುಟ್ಟಿದ ಮೇಲೆಯೇ.

ನಿಜವಾಗಿ ಫಲ ಕೊಡುವ ಕ್ರಮವೆಂದರೆ ಹಿಂದಿನ ರಾತ್ರಿಯ ಸಿದ್ಧತೆ: ಡೈರಿ ಓದುವುದು, ಚೀಲ ತುಂಬುವುದು, ಸಮವಸ್ತ್ರವನ್ನು ಬೆಲ್ಟು ಸಹಿತ ಕುರ್ಚಿಯ ಮೇಲಿಡುವುದು, ಶಾಲೆ ತೆರೆಯುವುದಕ್ಕೆ ವಾರ ಮೊದಲೇ ಮಲಗುವ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ಸರಿಸುವುದು. ಇವೆಲ್ಲವನ್ನೂ ಮುಗಿಸಿ ದೀಪ ಆರಿಸುವ ಸಮಯಕ್ಕೆ, ಊರಿನ ಸ್ಟೇಷನರಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದನ್ನು ಖಚಿತಪಡಿಸಿಕೊಂಡವರಂತೆ ಮಗು “ಅಮ್ಮಾ, ನಾಳೆಗೆ ಚಾರ್ಟ್ ಪೇಪರ್ ಬೇಕು” ಎನ್ನುತ್ತದೆ.

ಆಧುನಿಕರು ಸಾಧಿಸಲಾಗದ ಶಿಸ್ತನ್ನು ಕೆಲವು ಮನೆಗಳಲ್ಲಿ ಅಜ್ಜಿ ಪಂಚಾಂಗದ ಬಲದಿಂದ ಸಾಧಿಸುವುದುಂಟು. ರಾಹುಕಾಲ, ಅಂದರೆ ಶುಭಕಾರ್ಯಕ್ಕೆ ವರ್ಜ್ಯವೆಂದು ದಿನಕ್ಕೊಮ್ಮೆ ಗುರುತಿಸುವ ಒಂದೂವರೆ ಗಂಟೆಯ ಅವಧಿ, ಸೋಮವಾರ 7.30ರಿಂದ 9ರವರೆಗೆ ಬೀಳುತ್ತದೆ. ವ್ಯಾನು ಬರುವುದೋ ಎಂಟಕ್ಕೆ. ಹೊರಡುವ ಸಾಮಾನನ್ನು ಮೊದಲೇ ಹೊಸ್ತಿಲು ದಾಟಿಸಿಟ್ಟರೆ ಹೊರಟಂತೆಯೇ ಲೆಕ್ಕ ಎಂಬ ಪರಿಹಾರ ಅಜ್ಜಿಯ ಬಳಿ ಸಿದ್ಧವಿರುವುದರಿಂದ, ಸೋಮವಾರಗಳಂದು ಚೀಲ, ಡಬ್ಬಿ, ಕೊಡೆ, ಬೂಟು ಎಲ್ಲವೂ 7.25ಕ್ಕೆ ಜಗಲಿಯಲ್ಲಿರುತ್ತವೆ. ಮಂಗಳವಾರದ ರಾಹುಕಾಲ ಮಧ್ಯಾಹ್ನ ಮೂರಕ್ಕೆ ಹೋಗುವುದರಿಂದ, ಅಂದು ಎಂಟಾದರೂ ಒಂದು ಬೂಟು ಮಂಚದ ಕೆಳಗೇ ಇರುತ್ತದೆ.