ಲಾರಿಯಲ್ಲಿ ಬರುವ ಚಳಿ

ಭಟ್ಕಳ, ಹೊನ್ನಾವರ, ಕುಮಟೆಗಳಿಗೆ ಚಳಿ ಎಂಬುದು ದೂರದ ನೆಂಟ. ಡಿಸೆಂಬರಿನಲ್ಲಿ ಬಂದ ಶಾಸ್ತ್ರ ಮಾಡಿ, ಬೆಳಿಗ್ಗೆ ಒಂಬತ್ತಕ್ಕೆಲ್ಲ ಎದ್ದು ಹೊರಡುತ್ತದೆ. ಆದರೂ ನಮ್ಮ ಉಪಚಾರಕ್ಕೆ ಕೊರತೆಯಿಲ್ಲ: ಮಫ್ಲರು, ರಾತ್ರಿ ಆಟಕ್ಕೆ ಹೊರಟವರ ಹೆಗಲಿಗೆ ಕಂಬಳಿ, ತಲೆಗೆ ಮಂಕಿ ಟೋಪಿ. (ಹೊನ್ನಾವರ ತಾಲ್ಲೂಕಿನ ಮಂಕಿಗೂ ಈ ಟೋಪಿಗೂ ಸಂಬಂಧವಿಲ್ಲ.) ಪಾದರಸ 20 ಡಿಗ್ರಿಯಿಂದ ಒಂದು ಗೆರೆ ಇಳಿದರೆ ಸಾಕು, ‘ಎಂಥಾ ಚಳಿ ಮಾರಾಯಾ!’ ಘಟ್ಟದ ಮೇಲಿನ ಸಿದ್ದಾಪುರದವರು ಕೇಳಿದರೆ ನಕ್ಕಾರು.

ನಗಲಿ. ಒಡೆದ ತುಟಿ, ಬಿರಿದ ಹಿಮ್ಮಡಿ ನಮ್ಮವೇ. ಮದ್ದೂ ನಮ್ಮದೇ, ಮುರುಗಲು ತುಪ್ಪ. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆಯನ್ನು ಸಾರಿಗೆ, ಶರಬತ್ತಿಗೆ ಎತ್ತಿಟ್ಟ ಮೇಲೆ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿದ್ದನ್ನು ತೆಗೆದು ಉಂಡೆ ಕಟ್ಟುತ್ತಾರೆ. ಅದು ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಮೈಬಿಸಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಸೌಟಿನಲ್ಲಿ ಕಾಯಿಸಿ, ಬಿಸಿ ಆರಿಸಿ ಬಿರುಕಿಗೆ ತುಂಬಿದರೆ ಅಲ್ಲೇ ಗಟ್ಟಿಯಾಗಿ ಕೂತು ಚರ್ಮದ ಪಸೆ ಆರದಂತೆ ಕಾಯುತ್ತದೆ. ಪೇಟೆಯ ಕ್ರೀಮಿಗೆ ಪರಿಮಳ ಜಾಸ್ತಿ, ಹಠ ಕಮ್ಮಿ.

ಆದರೆ ಕರಾವಳಿಯ ಅಸಲಿ ಚಳಿ ಆಕಾಶದಿಂದ ಇಳಿಯುವುದಿಲ್ಲ. ಐಸ್ ಫ್ಯಾಕ್ಟರಿಯಿಂದ ಲಾರಿಯಲ್ಲಿ ಬರುತ್ತದೆ. ತದಡಿ, ಕಾಸರಕೋಡು, ಮಾವಿನಕುರ್ವೆ ಬಂದರುಗಳಲ್ಲಿ ಬಂಗಡೆಯ ಮೇಲೆ ಐಸ್ ಸುರಿದು, ಅದರೊಳಗೇ ಕೈಯಾಡಿಸಿ ಮೀನು ಆರಿಸುವವರಿಗೆ ಏಪ್ರಿಲ್ ಸೆಕೆಯಲ್ಲೂ ಮೊಣಕೈ ಕೆಳಗೆ ಚಳಿಗಾಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ ಬಂದಾಗಲೇ ಆ ಬೆರಳುಗಳಿಗೂ ಒಂದಿಷ್ಟು ಬಿಡುವು. ಬೆರಳು ಕೆಂಪಾಗಿ ಊದಿ, ತುರಿಸಿ, ಉರಿಯಲು ಹಿಮವೇ ಬೀಳಬೇಕೆಂದಿಲ್ಲ; ತಂಪಿಗೆ ಒದ್ದೆ ಸೇರಿದರೆ ಸಾಕು. ಮರಗಟ್ಟಿದ ಕೈಯನ್ನು ಒಲೆಗೆ ಹಿಡಿಯೋಣವೆಂದು ಯಾರಿಗಾದರೂ ತೋಚೀತು. ಹಿಡಿಯಬಾರದು, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ತಿಕ್ಕಲೂಬಾರದು. ಒದ್ದೆ ಒರೆಸಿ, ಬೆಚ್ಚಗೆ ಬಟ್ಟೆ ಸುತ್ತಿ ನಿಧಾನಕ್ಕೆ ಬಿಸಿಯೇರಲು ಬಿಡಬೇಕು. ಬೊಬ್ಬೆ ಎದ್ದರೆ, ಬಣ್ಣ ಕಪ್ಪಾದರೆ ಡಾಕ್ಟರು.

ಇಷ್ಟೆಲ್ಲ ತಿಳಿದವನ ಗತ್ತಿನಲ್ಲಿ ಕುಮಟೆಯ ಮೀನು ಮಾರುವ ಅಕ್ಕನೊಬ್ಬಳಿಗೆ, ‘ಕೈಗೆ ಮುರುಗಲು ತುಪ್ಪ ಹಚ್ಚೂಕಾಗ್ತಿಲ್ವನೆ ಅಕ್ಕಾ?’ ಎಂದೆ.

‘ರಾತ್ರೆ ಹಚ್ತೆ ತಮಾ. ಹಗಲು ಹಚ್ಚಿರೆ ಮೀನು ಜಾರ್ತದೆ.’

‘ಹಂಗಾರೆ ರಬ್ಬರ್ ಗ್ಲೌಸು?’

ಅವಳು ಬಂಗಡೆಯೊಂದರ ಹೊಟ್ಟೆ ಒತ್ತಿ ನೋಡಿ ಬದಿಗೆಸೆದು ಇನ್ನೊಂದನ್ನು ಎತ್ತಿಕೊಂಡಳು. ‘ಗ್ಲೌಸು ಹಾಕಂಡ್ರೆ ಮೀನು ಮೆತ್ತಗಾದ್ದು ಗೊತ್ತಾಗೂದು ಹ್ಯಾಂಗೆ? ನೀನು ವಾಪಸ್ ತಂದು ಬಯ್ದಾಗ್ಲಾ?’